ರಾಮದುರ್ಗದವರ ನೀಲಿ ವಸ್ತ್ರ

ಇವತ್ತು ಬೆಳಿಗ್ಗೆ ಹಿತ್ತಲಿಗೆ ಹೋಗಿ ಹಗ್ಗ ನೋಡಿದೆ. ನೀಲಿ ಚೌಕಡಿಯ ವಸ್ತ್ರ ಇರಲಿಲ್ಲ. "ಯಾರ ಒಯ್ದ್ರೋ ನಮ್ಮ ವಸ್ತ್ರಾನ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟೆ. ಯಾರೂ ಒಯ್ದಿಲ್ಲ, ನಿನ್ನೆ ನಾನೇ ಕೈಯಾರೆ ಕೊಟ್ಟು ಕಳಿಸಿದ್ದೇನೆ. ಇನ್ನೊಂದು ಮಾತು, ಅದು ನಮ್ಮ ವಸ್ತ್ರವೂ ಅಲ್ಲ. ಏಳು ವರ್ಷ ಬೈಲಹೊಂಗಲದ ನಮ್ಮ ಹಗ್ಗದ ಮೇಲೆ ಒಣಗಿದರೂ ಅದು ರಾಮದುರ್ಗದವರದ್ದು. ಅಂಚಿನಲ್ಲಿ ಒಂದು ಕೆಂಪು ಎಳೆ ಇದೆ. ಆ ಒಂದು ಎಳೆಯನ್ನು ಹೊತ್ತಿಗೆ ಸರಿಯಾಗಿ ನೋಡಿದ್ದರೆ ಇದನ್ನು ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ನಾನು ಓದಿದ್ದು ಮೂರನೆಯ ಇಯತ್ತೆ. ನಾಲ್ಕನೆಯದಕ್ಕೆ ಕಾಲಿಡುವಷ್ಟರಲ್ಲಿ ತಮ್ಮ ಹುಟ್ಟಿದ, ಅವನನ್ನು ಎತ್ತಿಕೊಳ್ಳುವ ಕೆಲಸ ನನಗೆ ಸಿಕ್ಕಿತು. ಆದ್ದರಿಂದ ಒತ್ತಕ್ಷರ ಎಲ್ಲಾದರೂ ಜಾರಿದ್ದರೆ ನೀವೇ ಎತ್ತಿ ಕೂರಿಸಿಕೊಳ್ಳಿ. ಇವತ್ತು ನನ್ನ ಎದೆ ತುಂಬಿ ಹರಿಯುತ್ತಿದೆ, ಪೆನ್ನು ಹಿಡಿದರೆ ನಿಲ್ಲುತ್ತಿಲ್ಲ.

ನಮ್ಮ ಕಡೆ ಊರು ಬಿಟ್ಟು ಹೊರಡುವವರು ಬುತ್ತಿ ಕಟ್ಟದೆ ಹೊರಡುವುದಿಲ್ಲ. ಎರಡು ತಾಸಿನ ದಾರಿಯಾದರೂ ಹತ್ತು ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿ ವಸ್ತ್ರದಲ್ಲಿ ಗಂಟಾಗಿ ಕಂಕುಳಲ್ಲಿ ಇರಲೇಬೇಕು. ಹಾಗಾಗಿ ನಾನು ಯಾವ ದೊಡ್ಡ ಜಾಗ ನೋಡಿದರೂ ಮೊದಲು ಕಣ್ಣು ಹುಡುಕುವುದು ಬುತ್ತಿ ಬಿಚ್ಚುವ ಜಾಗವನ್ನು. ನೆರಳು ಇದೆಯೇ, ಗಾಳಿ ಬರುತ್ತದೆಯೇ, ಕೂರುವ ಕಲ್ಲು ಸಪಾಟಾಗಿದೆಯೇ? ರಾಜರು ಕಟ್ಟಿದ್ದು ಆಮೇಲೆ.

ಹತ್ತು ವರ್ಷದವಳಿದ್ದಾಗ ಅಪ್ಪ ನನ್ನನ್ನು ಕಿತ್ತೂರಿಗೆ ಕರೆದುಕೊಂಡು ಹೋಗಿದ್ದ. ಎತ್ತು ನೋಡಲು ಹೋದವನು, ಬಂದ ಮೇಲೆ ಕೋಟೆಯನ್ನೂ ನೋಡಿಬಿಡೋಣ ಎಂದ. ಅಲ್ಲಿ ಅರಮನೆಯ ಗೋಡೆಯಲ್ಲಿ ಒಂದು ದುಂಡನೆಯ ಕಂಡಿ ಇದೆ, ಧ್ರುವ ನಕ್ಷತ್ರ ನೋಡಲು ಮಾಡಿದ್ದಂತೆ. ಕಟ್ಟಿಸಿದವರ ಬುದ್ಧಿ ದೊಡ್ಡದು. ನಾನು ಮಟಮಟ ಮಧ್ಯಾಹ್ನ ಅದಕ್ಕೆ ಕಣ್ಣು ಹಚ್ಚಿದೆ. ಆ ಕಡೆಯಿಂದ ಇನ್ನೊಂದು ಕಣ್ಣು ನನ್ನನ್ನೇ ನೋಡುತ್ತಿತ್ತು! ಚೀರಿಕೊಂಡು ಓಡಿದೆ. ಯಾವುದೋ ಊರಿನಿಂದ ಬಂದ ಒಬ್ಬ ಹುಡುಗಿ, ಅವಳೂ ಚೀರಿಕೊಂಡು ಓಡಿದಳು. ಕಿತ್ತೂರಿನ ಬಗ್ಗೆ ಬಹಳ ವರ್ಷ ನನಗೆ ಗೊತ್ತಿದ್ದದ್ದು ಆ ಕಣ್ಣೊಂದೇ. ಚಚಡಿಯ ದೇಸಾಯರ ವಾಡೆ ನೋಡಿದಾಗಲೂ ಅಷ್ಟೇ. ಎಲ್ಲರೂ ಕಂಬ, ತೊಲೆ, ಬಾಗಿಲು ಎಂದು ಬಾಯಿ ತೆರೆದು ನೋಡುತ್ತಿದ್ದರೆ ನಾನು, "ಇಷ್ಟು ನೆಲ ಸಾರಸಾಕ ಎಷ್ಟು ಬುಟ್ಟಿ ಸೆಗಣಿ ಬೇಕಾಗತಿದ್ದೀತು!" ಎಂದು ಲೆಕ್ಕ ಹಾಕುತ್ತಿದ್ದೆ.

ಸವದತ್ತಿಯದಂತೂ ಕೇಳಲೇಬೇಡಿ. ಅಲ್ಲಿಯ ದೇವಿಯ ಗುಡ್ಡಕ್ಕೆ ಎಷ್ಟು ಸಲ ಹೋಗಿದ್ದೇನೋ ದೇವರಿಗೇ ಗೊತ್ತು. ಬಸ್ಸಿಳಿಯುವುದು, ಗುಡ್ಡದ ಗಾಡಿ ಹತ್ತುವುದು, ತಿರುಗಿ ಬಂದು ನಮ್ಮೂರ ಬಸ್ಸು ಹಿಡಿಯುವುದು. ಊರೊಳಗೆ ಒಂದು ಕೋಟೆ ಇದೆ ಎಂದು ಯಾರೋ ಹೇಳಿದಾಗ, "ಇರಲಿ ಬಿಡ್ರಿ, ಎಲ್ಲಿ ಹೊಕ್ಕೈತಿ" ಎಂದಿದ್ದೆ. ಆ ಕೋಟೆಯೇ ಒಂದು ದಿನ ನನ್ನ ಬಾಯಿಗೆ ಕಾದು ಕೂತಿದೆ ಎಂದು ನನಗೇನು ಗೊತ್ತು?

ನನ್ನ ಬಾಯಿಯ ಬಗ್ಗೆಯೂ ಎರಡು ಮಾತು ಹೇಳಬೇಕು. ಮೊಮ್ಮಗಳು ಸುಜಾತಾಳನ್ನು ನೋಡಲು ಒಮ್ಮೆ ಯರಗಟ್ಟಿಯಿಂದ ಬಂದಿದ್ದರು. ವರ ಕೂತಲ್ಲಿಂದ ತಲೆ ಎತ್ತದೆ ಎರಡು ಪ್ಲೇಟು ಚೂಡಾ ಮುಗಿಸಿದ. ಅವನ ಅಪ್ಪ, "ನಮ್ಮ ಹುಡುಗ ಭಾಳ ಮಾತಾಡೂದಿಲ್ರಿ" ಎಂದ. ನಾನು, "ಹೌದ್ರಿ, ಬಾಯಿಗೆ ಪುರಸೊತ್ತ ಎಲ್ಲಿ ಐತಿ?" ಎಂದೆ. ನಾನು ಚೇಷ್ಟೆಗೆ ಅಂದದ್ದು. ಅವರು ಚಾ ಅರ್ಧಕ್ಕೇ ಬಿಟ್ಟು ಎದ್ದರು. ಅದಕ್ಕೂ ಮೊದಲು ಬಂದವರು ಯಾಕೆ ಎದ್ದು ಹೋದರು ಎಂಬುದನ್ನು ನಾನು ಬರೆಯುವುದಿಲ್ಲ, ಅದೂ ಹೀಗೇ.

ಆದ್ದರಿಂದ ರಾಮದುರ್ಗದ ಸಂಬಂಧ ಬಂದಾಗ ನನ್ನ ಮಗ ಶಿವಪ್ಪ, ಅಂದರೆ ಸುಜಾತಾಳ ಅಪ್ಪ, ನನ್ನ ಮುಂದೆ ಕೈಮುಗಿದು ಕೂತ. "ಅವ್ವಾ, ಮೂರನೇ ಸಲ ಇದು. ಊಟಕ್ಕ ಬಿಟ್ಟು ಬಾಯಿ ತಗೀಬ್ಯಾಡ."

"ಬರಾಕರ ಬಿಡತೀಯೋ ಇಲ್ಲೋ?"

"ಬಾ. ಖರೆ, ಬಾಯಿ ತಗಿಯೂದು ಊಟಕ್ಕಷ್ಟ."

ವರನ ಅಜ್ಜ ಈರಪ್ಪನವರಿಗೆ ಹಳೆಯ ಗೋಡೆ ಕಂಡರೆ ಹೊಸ ಮದುಮಗಳನ್ನು ಕಂಡಷ್ಟು ಸಂತೋಷವಂತೆ. ಅವರೇ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ, ಹುಡುಗ ಹುಡುಗಿ ಚಾಪೆಯ ಮೇಲೆ ಕೂತು ಚೂಡಾ ನುಂಗುವುದಕ್ಕಿಂತ ಗಾಳಿಯಲ್ಲಿ ನಾಲ್ಕು ಮಾತಾಡಲಿ, ನಿಮಗೂ ನಮಗೂ ನಡುವೆ ಸವದತ್ತಿ ಇದೆ, ಕೋಟೆಗೆ ಬನ್ನಿ ಎಂದರು. ಬುತ್ತಿ ಮಾತ್ರ ಅವರವರದು ಅವರವರಿಗೆ. ಯಾಕೆಂದರೆ ನಮ್ಮಲ್ಲಿ ಸಂಬಂಧ ಗಟ್ಟಿಯಾಗುವ ತನಕ ಒಬ್ಬರ ಮನೆಯ ರೊಟ್ಟಿಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಚಾ ನಡೆಯುತ್ತದೆ, ಚೂಡಾ ನಡೆಯುತ್ತದೆ, ರೊಟ್ಟಿ ನಡೆಯುವುದಿಲ್ಲ. ರೊಟ್ಟಿ ಮುರಿದು ಉಂಡು ಆಮೇಲೆ ಒಲ್ಲೆ ಎಂದರೆ ಅನ್ನದ ಋಣಕ್ಕೆ ಎರಡು ಬಗೆದ ಹಾಗೆ.

ಅಂದು ಬೆಳಿಗ್ಗೆ ಕೋಟೆಯ ಬಾಗಿಲಲ್ಲಿ ಎಲ್ಲರೂ ಕೂಡಿದೆವು. ನಮ್ಮ ಕಡೆ ನಾನು, ಶಿವಪ್ಪ, ಸುಜಾತಾ. ಬುತ್ತಿ ಕಟ್ಟಿಕೊಟ್ಟ ನನ್ನ ಸೊಸೆ, ಸುಜಾತಾಳ ಅವ್ವ, ಮನೆ ಕಾಯಲು ಉಳಿದಿದ್ದಳು. ಅವರ ಕಡೆ ಈರಪ್ಪನವರು, ಅವರ ಸೊಸೆ ಮಹಾದೇವಿ, ಅವಳ ಮಗ ರಾಜು. ಅವನೇ ವರ. ಶಿವಪ್ಪ ಎರಡೂ ಬುತ್ತಿಯ ಗಂಟುಗಳನ್ನು ಕೋಟೆಯೊಳಗಿನ ಗುಡಿಯ ಗೋಡೆಯ ಬಳಿ ಬೇವಿನ ಮರದ ನೆರಳಲ್ಲಿ ಒಂದರ ಪಕ್ಕ ಒಂದು ಇಟ್ಟ. ಎರಡೂ ನೀಲಿ ಚೌಕಡಿಯವು. ನಮ್ಮದನ್ನು ನಾನು ಬೈಲಹೊಂಗಲದ ಸಂತೆಯಲ್ಲಿ ಕೊಂಡಿದ್ದೆ. ಮಾರುವವನು, ರಾಮದುರ್ಗದ ಮಗ್ಗದ್ದು, ಹರಿಯೂದಿಲ್ಲ ಎಂದಿದ್ದ. ಅವನು ಸುಳ್ಳು ಹೇಳಿರಲಿಲ್ಲ ನೋಡಿ.

ಈರಪ್ಪನವರು ಕೋಲೂರಿಕೊಂಡು ಮುಂದೆ, ನಾನು ಮೊಣಕಾಲು ಹಿಡಿದುಕೊಂಡು ಹಿಂದೆ. ಒಂದು ಕೊತ್ತಳದ ಮೇಲೆ ಹತ್ತಿ ನಿಂತೆವು. ಕೆಳಗೆ ಊರಿನ ಮಾಳಿಗೆಗಳು, ಅವುಗಳ ಮೇಲೆ ಒಣಹಾಕಿದ ಮೆಣಸಿನಕಾಯಿ, ಅದರಾಚೆ ಕಪ್ಪು ಹೊಲ, ಇನ್ನೂ ಆಚೆ ಏನೋ ಮಿಣಮಿಣ.

"ಅಕ್ಕಾರ, ಅಲ್ಲಿ ಹೊಳ್ಯಾಕತ್ತೈತಲ್ಲ, ಅದು ಡ್ಯಾಮಿನ ನೀರು ಹೌದಲ್ರಿ?"

ಅದು ನೀರಲ್ಲ, ಯಾರದೋ ಗೋದಾಮಿನ ತಗಡಿನ ಮೇಲಿನ ಬಿಸಿಲು ಎಂದು ನನಗೆ ಖಾತ್ರಿ ಇತ್ತು. ಆದರೆ ಬಾಯಿಗೆ ಬೀಗ. ತಲೆಯನ್ನು ಅತ್ತ ಇತ್ತ ತೂಗಿದೆ, ಹೌದೂ ಆಗಬೇಕು, ಅಲ್ಲವೂ ಆಗಬೇಕು. ಅವರು ನನ್ನ ಮುಖ ನೋಡಿದರು. ಇನ್ನಷ್ಟು ಗಟ್ಟಿಯಾಗಿ ಕೇಳಿದರು. ನಾನು ಇನ್ನಷ್ಟು ಗಟ್ಟಿಯಾಗಿ ತಲೆ ತೂಗಿದೆ.

ಆಮೇಲೆ ಗುಡಿಯ ಸುತ್ತಿನ ಗೋಡೆ ತೋರಿಸಿದರು. ತಾಯಿ, ಏನು ಹೇಳಲಿ! ಕಲ್ಲಿನ ಮೇಲೆ ರಂಗೋಲಿಯೋ ರಂಗೋಲಿ. ಸುತ್ತು, ಎಸಳು, ಹೆಣಿಕೆ, ಒಂದರ ಪಕ್ಕ ಒಂದು. ಬೆಳಿಗ್ಗೆ ಹಾಕಿದ ನಮ್ಮ ರಂಗೋಲಿ ಮಧ್ಯಾಹ್ನದೊಳಗೆ ಕೋಳಿಯ ಕಾಲಲ್ಲಿ ಹೋಗುತ್ತದೆ. ಇಲ್ಲಿ ಯಾವನೋ ಪುಣ್ಯಾತ್ಮ ಕೋಳಿಗೂ ಅಳಿಸಲು ಬಾರದ ಹಾಗೆ ಹಾಕಿಟ್ಟಿದ್ದಾನೆ. ಇಷ್ಟು ವರ್ಷ ಇದರ ಬಗಲಲ್ಲೇ ಬಸ್ಸು ಹತ್ತಿಳಿದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

"ಒಂದರಂಗ ಇನ್ನೊಂದಿಲ್ರಿ" ಎಂದರು ಈರಪ್ಪನವರು, ತಾವೇ ಕೆತ್ತಿದವರ ಹಾಗೆ.

ನಾನು ಹುಡುಕಿ ಹುಡುಕಿ ಒಂದೇ ತರಹದ ಎರಡನ್ನು ಹಿಡಿದು ಬೆರಳು ಮಾಡಿ ತೋರಿಸಿದೆ. ಅವರು ಬಗ್ಗಿ ಎಣಿಸಿದರು. ಒಂದಕ್ಕೆ ಎಂಟು ಎಸಳು, ಒಂದಕ್ಕೆ ಆರು. ಗೆದ್ದ ಸಂತೋಷಕ್ಕೆ ಸೊಸೆಯ ಕಡೆ ತಿರುಗಿ, ನನಗೆ ಕೇಳಿಸುವುದಿಲ್ಲ ಎಂಬ ಧೈರ್ಯದಲ್ಲಿ, "ಬುದ್ಧಿ ಚುರುಕ ಐತಿ ನೋಡ ಮಹಾದೇವಿ. ಪಾಪ, ಬಾಯಿ ಒಂದ ಇಲ್ಲ" ಎಂದರು.

ನನಗೆ! ಬಾಯಿ ಇಲ್ಲವಂತೆ! ನಮ್ಮ ಓಣಿಯಲ್ಲಿ ಯಾರಾದರೂ ಈ ಮಾತು ಕೇಳಿದ್ದರೆ ನಕ್ಕು ನಕ್ಕು ಕಟ್ಟೆಯಿಂದ ಬೀಳುತ್ತಿದ್ದರು. ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಸುಜಾತಾ ನನ್ನ ರಟ್ಟೆ ಹಿಡಿದು ಮೆಟ್ಟಿಲ ಕಡೆಗೆ ಎಳೆದಳು.

"ಆಯಿ, ನಿನ್ನ ಕಾಲ ಬೀಳತೇನಿ, ಇನ್ನ ಎರಡ ತಾಸು ಸುಮ್ನಿರ."

"ಅಲ್ಲಬೇ, ನನ್ನ ಮೂಕಿ ಅಂತಾನ ಮುದುಕ."

"ಅನ್ಲಿ ಬಿಡು. ನನಗ ಇವರು ಮನಸ್ಸಿಗೆ ಬಂದಾರ ಆಯಿ. ಅವರು ನನ್ನ ಅಡಗಿ ಬರತೈತೇನು ಅಂತ ಕೇಳ್ಲಿಲ್ಲ. ಏನ ಓದಾಕ ಸೇರತೈತಿ ಅಂತ ಕೇಳಿದ್ರು." ರಾಜುವಿನ ಬಗ್ಗೆ ಹೀಗೆ ಹೇಳುವಾಗ ಅವಳ ಮುಖ ನೋಡಬೇಕಿತ್ತು ನೀವು. ಎರಡು ಸಲ ಚಾ ಟ್ರೇ ಹಿಡಿದು ಬಂದು, ಎರಡು ಸಲ ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಹುಡುಗಿ. ಆ ಎರಡು ಸಲವೂ ಕಾರಣ ಈ ನನ್ನ ಬಾಯಿ. ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಇನ್ನು ಕೋಟೆ ಮೈಮೇಲೆ ಬಿದ್ದರೂ ಉಸಿರೆತ್ತುವುದಿಲ್ಲ ಎಂದುಕೊಂಡೆ.

ಎಲ್ಲರೂ ಇನ್ನೊಂದು ಕೊತ್ತಳಕ್ಕೆ ಹೊರಟರು. ನನ್ನ ಮೊಣಕಾಲು ಒಲ್ಲೆ ಎಂದಿತು. ಬೇವಿನ ಮರದ ಕೆಳಗೆ ಬಂದು ಕೂತೆ. ನೆರಳು ಇತ್ತು, ಗಾಳಿ ಇತ್ತು, ಕಲ್ಲು ಸಪಾಟಾಗಿತ್ತು. ಬುತ್ತಿ ಬಿಚ್ಚಲು ಇಂಥ ಜಾಗ ನನ್ನ ಜನ್ಮದಲ್ಲಿ ನೋಡಿರಲಿಲ್ಲ. ನಸುಕಿನಲ್ಲಿ ಒಂದು ಕಪ್ ಚಾ ಕುಡಿದು ಬಂದ ಹೊಟ್ಟೆ. ಎಲ್ಲರೂ ಬಂದ ಮೇಲೆ ಬಿಚ್ಚಬೇಕೆಂಬುದು ನನಗೂ ಗೊತ್ತು. ಒಂದೇ ರೊಟ್ಟಿ, ಅದೂ ಅರ್ಧ ಎಂದುಕೊಂಡೆ. ಮಾತಾಡಬೇಡ ಅಂದಿದ್ದಾನೆ ಮಗ, ಊಟಕ್ಕೆ ಬಾಯಿ ತೆಗೆಯಬೇಡ ಅಂದಿಲ್ಲವಲ್ಲ. ಕೈಗೆ ಹತ್ತಿರವಿದ್ದ ಗಂಟು ಬಿಚ್ಚಿದೆ.

ಎರಡನೆಯ ರೊಟ್ಟಿಯಲ್ಲಿದ್ದಾಗ ಕೋಲಿನ ಸದ್ದಾಯಿತು. ಈರಪ್ಪನವರು ಒಬ್ಬರೇ ಇಳಿದು ಬರುತ್ತಿದ್ದರು. ನಮ್ಮ ಕಡೆಯವರ ಬಾಯಿ ಹೇಗೆಂದು ನಿಮಗೆ ಗೊತ್ತಲ್ಲ, ಉಣ್ಣುವಾಗ ಯಾರಾದರೂ ಎದುರು ಬಂದರೆ ಮಾತು ತಾನೇ ಹೊರಗೆ ಬೀಳುತ್ತದೆ.

"ಬರ್ರಿ, ಊಟಾ ಮಾಡೂನು!"

ಅವರು ಕೋಲೂರಿ ನಿಂತೇ ಬಿಟ್ಟರು. "ಅಯ್ಯ! ನಿಮಗ ಮಾತು ಬರತೈತೇನ್ರಿ?"

ಒಡ್ಡು ಒಡೆದ ಮೇಲೆ ನೀರನ್ನು ಯಾರು ಹಿಡಿಯುತ್ತಾರೆ? "ಬರತೈತ್ರಿ, ಭಾಳ ಬರತೈತಿ. ಅದಕ್ಕ ಕಟ್ಟಿ ಹಾಕ್ಯಾರ. ಕುಂಡರ್ರಿ. ಅಲ್ಲಿ ಹೊಳ್ಯಾಕತ್ತಿದ್ದು ನೀರಲ್ಲ, ತಗಡು. ಆ ಮಾತಿರಲಿ, ಈ ಚಟ್ನಿ ನೋಡ್ರಿ! ಬಳ್ಳೊಳ್ಳಿ ಕಮ್ಮಿ ಆಗೈತಿ. ಸೊಸಿಗೆ ಎಷ್ಟ ಸಲ ಹೇಳೇನಿ, ಬಳ್ಳೊಳ್ಳಿ ಹಾಕೂದ್ರಾಗ ಕೈ ಹಿಡೀಬ್ಯಾಡಾ ಅಂತ."

ಈರಪ್ಪನವರು ಗಂಟಿನ ಕಡೆಗೆ ನೋಡಿದರು. ವಸ್ತ್ರದ ಅಂಚನ್ನು ನೋಡಿದರು. ಮೀಸೆ ಒಂದು ಸಲ ಅಲುಗಿತು. ಆಮೇಲೆ ಬಹಳ ಮರ್ಯಾದೆಯಿಂದ ಕೂತು, "ಹೌದೇನ್ರಿ? ಮತ್ತ ಏನೇನು ಕಮ್ಮಿ ಆಗೈತ್ರಿ?" ಎಂದು ಕೇಳಿದರು.

"ಎಣ್ಣಿಗಾಯಿಗೆ ಉಪ್ಪು ಹತ್ತಿಲ್ರಿ."

"ಅಹಹಾ. ರೊಟ್ಟಿ?"

"ರೊಟ್ಟಿ ಅಡ್ಡಿಯಿಲ್ರಿ, ಅಂಚು ದಪ್ಪ ಆಗ್ಯಾವ. ಬಡಿಯುವಾಗ ಗಮನ ಬ್ಯಾರೆ ಕಡೆ ಇದ್ದೀತು."

"ಇದ್ದೀತು, ಇದ್ದೀತು. ಹೇಳ್ರಿ, ಎಲ್ಲಾ ಹೇಳ್ರಿ, ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ."

ನಾನು ಇಟ್ಟುಕೊಳ್ಳಲಿಲ್ಲ. ಹೇಳುತ್ತಲೇ ಇದ್ದೆ. ತಲೆ ಎತ್ತಿ ನೋಡಿದರೆ ನಾಲ್ಕೂ ಜನ ಸುತ್ತ ನಿಂತಿದ್ದಾರೆ. ಮಹಾದೇವಿ ಬಗ್ಗಿ ವಸ್ತ್ರದ ಅಂಚಿನ ಕೆಂಪು ಎಳೆಯನ್ನು ಬೆರಳಿನಿಂದ ಮುಟ್ಟಿ, "ಮಾವಾರ, ಇದು ನಮ್ಮ ಗಂಟು ಅಲ್ರಿ?" ಎಂದಳು.

ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಉಗುಳಿದರೆ ಅನ್ನಕ್ಕೆ ಅವಮಾನ, ನುಂಗಿದರೆ ಋಣ. ಶಿವಪ್ಪ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಸುಜಾತಾ ನನ್ನನ್ನು ಬೈಯಲಿಲ್ಲ. ಸುಮ್ಮನೆ ಗೋಡೆಯ ಕಡೆಗೆ ತಿರುಗಿ ರಂಗೋಲಿ ನೋಡತೊಡಗಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೂರನೆಯ ಸಲವೂ ನಾನೇ ಆದೆನಲ್ಲ ಎಂದು ಕಣ್ಣಿಗೆ ನೀರು ಬಂತು. ತುತ್ತು ನುಂಗಿದೆ.

ಆಗ ಈರಪ್ಪನವರು ಏನು ಮಾಡಿದರು ಗೊತ್ತೇ? ನಮ್ಮ ಗಂಟನ್ನು ತಮ್ಮ ಕಡೆಗೆ ಎಳೆದುಕೊಂಡರು. ನಿಧಾನಕ್ಕೆ ಬಿಚ್ಚಿದರು. ಒಂದು ರೊಟ್ಟಿ ತೆಗೆದು, ಎಲ್ಲರಿಗೂ ಕೇಳುವಂತೆ ಚಟ್ ಎಂದು ಮುರಿದು, ಚಟ್ನಿ ಹಚ್ಚಿ ಬಾಯಿಗಿಟ್ಟುಕೊಂಡರು.

"ಅವರು ನಮ್ಮದು ಉಂಡ್ರು, ನಾ ಅವರದು ಉಂಡೆ. ಋಣ ಸಮ ಆತು. ಇನ್ನ ಒಲ್ಲೆ ಅಂದ್ರ ಇಬ್ರಿಗೂ ದೋಷ. ಏನಪಾ ರಾಜು, ನಿಂದೇನು?"

ರಾಜು ಉಗುಳು ನುಂಗಿದ. "ನನಗೂ ಹಸದೈತಿ ಮುತ್ಯಾ."

"ಯಾವ ಗಂಟು?"

"ನೀವು ಉಣ್ಣಾಕತ್ತಿದ್ದು."

ಈಗ ಎಲ್ಲರ ಕಣ್ಣು ಸುಜಾತಾಳ ಮೇಲೆ. ಅವಳು ಗೋಡೆಯಿಂದ ತಿರುಗಿ ಬಂದು ಮಹಾದೇವಿಯ ಪಕ್ಕದಲ್ಲಿ ಕೂತಳು. ಅವರ ಗಂಟಿನಿಂದ ಒಂದು ರೊಟ್ಟಿ ಮುರಿದು ಅದೇ ಚಟ್ನಿ ಹಚ್ಚಿಕೊಂಡು ತಿಂದಳು.

"ಬಳ್ಳೊಳ್ಳಿ?" ಎಂದು ಕೇಳಿದಳು ಮಹಾದೇವಿ. ಅವಳ ಮುಖ ಇನ್ನೂ ಬಿಗಿದೇ ಇತ್ತು.

"ಬೇಕಾದಷ್ಟ ಐತ್ರಿ" ಎಂದಳು ನನ್ನ ಮೊಮ್ಮಗಳು. ಸುಳ್ಳಿ! ಆದರೆ ಅಷ್ಟು ಚಂದದ ಸುಳ್ಳನ್ನು ನಾನು ಬೇರೆ ಕೇಳಿಲ್ಲ. ಮಹಾದೇವಿ ನಕ್ಕಳು. "ನಮ್ಮ ಮಾವಾರ ಹೊಟ್ಟಿಗೆ ಬಳ್ಳೊಳ್ಳಿ ಆಗೂದಿಲ್ರಿ, ಅದಕ್ಕ ಕಮ್ಮಿ. ಇಲ್ಲಂದ್ರ ನಾನೇನು ಜಿಪುಣಿ ಅಲ್ಲ!" ಮುದುಕ ಏನೂ ಅರಿಯದವರ ಹಾಗೆ ನಮ್ಮ ಬಳ್ಳೊಳ್ಳಿ ಚಟ್ನಿಯನ್ನು ಮತ್ತೊಂದು ಸಲ ಹಚ್ಚಿಕೊಳ್ಳುತ್ತಿದ್ದರು.

ಆ ಗಡಿಬಿಡಿಯಲ್ಲಿ ವಸ್ತ್ರಗಳು ಅದಲು ಬದಲಾದವು. ಮನೆಗೆ ಬಂದು ನೋಡಿದರೆ ಕೆಂಪು ಎಳೆಯದು ನನ್ನ ಕಂಕುಳಲ್ಲಿ. ಮದುವೆಯ ದಿನ ನಮ್ಮ ವಸ್ತ್ರವನ್ನು ಈರಪ್ಪನವರು ಕರದಂಟು ತುಂಬಿಸಿ ಹಿಂದಿರುಗಿಸಿದರು. ಬಂದ ವಸ್ತ್ರವಾಗಲಿ ಡಬ್ಬಿಯಾಗಲಿ ಖಾಲಿ ಕಳಿಸಬಾರದು, ಅದೂ ನಮ್ಮ ರೂಢಿ. "ಬೀಗ್ತೇರ, ನಮ್ಮದು ಯಾವಾಗ ಕೊಡತೀರಿ? ಬರೇ ವಸ್ತ್ರ ತರಬ್ಯಾಡ್ರಿ ಮತ್ತ, ತುಂಬಿ ತರ್ರಿ" ಎಂದು ಹಂದರದ ನಡುವೆ ನಿಂತು ಕೇಳಿದರು. "ನಿಮ್ಮ ವಸ್ತ್ರಕ್ಕ ತಕ್ಕ ಸಾಮಾನು ಸಂತ್ಯಾಗ ಸಿಗವಲ್ದ್ರಿ" ಎಂದೆ. ನೆರೆದವರೆಲ್ಲ ಮದುಮಗಳ ಕಡೆ ನೋಡಿ ಕಿಸಕ್ಕೆಂದರು.

ಒಂದು ವರ್ಷ ಕೇಳಿದರು, ಎರಡು ವರ್ಷ ಕೇಳಿದರು. ಸಿಕ್ಕಲ್ಲೆಲ್ಲ ಅದೇ ಚೇಷ್ಟೆ. ಮೂರನೆಯ ವರ್ಷ ಕೇಳಲಿಲ್ಲ. ನಾಲ್ಕನೆಯ ವರ್ಷವೂ ಇಲ್ಲ. ವಸ್ತ್ರದ ಮಾತು ಬಂದರೆ ಮಳೆ ಬೆಳೆಯ ಮಾತು ಎತ್ತುತ್ತಿದ್ದರು. ಸುಜಾತಾಳ ಮಡಿಲು ತುಂಬಿರಲಿಲ್ಲ. ತಮ್ಮ ಚೇಷ್ಟೆ ಆ ಹುಡುಗಿಗೆ ಚುಚ್ಚಬಾರದೆಂದು ಆ ಮನುಷ್ಯ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಬಾಯಿ ಕಟ್ಟಿಕೊಳ್ಳುವ ಕಷ್ಟ ಏನೆಂದು ನನಗೆ ಗೊತ್ತು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಕೋಟೆಯಲ್ಲಿ ಅವರು ರೊಟ್ಟಿ ಮುರಿದಾಗಲ್ಲ, ಆಗ. ಸುಜಾತಾ ತವರಿಗೆ ಬಂದ ದಿನ ನಾನೂ ವಸ್ತ್ರವನ್ನು ಹಗ್ಗದಿಂದ ತೆಗೆದು ಟ್ರಂಕಿನಲ್ಲಿ ಇಡುತ್ತಿದ್ದೆ. ಅವಳು ಹೋದ ಮೇಲೆ ತೊಳೆದು ಮತ್ತೆ ಹಾಕುತ್ತಿದ್ದೆ. ತೊಳೆದು ತೊಳೆದು ಅದು ಬೆಣ್ಣೆಯ ಹಾಗೆ ಮೆತ್ತಗಾಯಿತು.

ಮುಂದೆ ಬರುವ ಕೆಲಸಕ್ಕೇ ಇರಬೇಕು, ಅದು ಹಾಗೆ ಮೆತ್ತಗಾದದ್ದು.

ಐದು ತಿಂಗಳ ಹಿಂದೆ ನಮ್ಮ ಮನೆಯಲ್ಲಿ ಒಂದು ಹೆಣ್ಣು ಕೂಸು ಹುಟ್ಟಿತು. ಅಪ್ಪನ ಮೂಗು, ಅವ್ವನ ಹಣೆ. ಬಾಯಿ ಯಾರದೆಂದು ಕೇಳಬೇಡಿ, ಅತ್ತರೆ ಮೂರು ಓಣಿಗೆ ಕೇಳಿಸುತ್ತದೆ. ಶಿವಪ್ಪ, "ಅವ್ವಾ, ಇದು ನಿಂದ" ಎನ್ನುತ್ತಾನೆ. ನನ್ನದೇ! ಯಾರಿಗೂ ಕಟ್ಟಿಹಾಕಲು ಕೊಡುವುದಿಲ್ಲ ಈ ಬಾಯಿಯನ್ನು.

ನಿನ್ನೆ ತಾಯಿಯನ್ನೂ ಕೂಸನ್ನೂ ಕರೆದೊಯ್ಯಲು ರಾಮದುರ್ಗದಿಂದ ಟ್ರ್ಯಾಕ್ಸ್ ಗಾಡಿ ಬಂತು. ರಾಜು ಇಳಿದ, ಮಹಾದೇವಿ ಇಳಿದಳು, ಕೊನೆಗೆ ಈರಪ್ಪನವರು ಕೋಲಿನ ಜೊತೆ ಇಳಿದರು. ಏಳು ವರ್ಷದಲ್ಲಿ ಬೆನ್ನು ಬಾಗಿದೆ, ಮೀಸೆ ಬೆಳ್ಳಗಾಗಿದೆ. ಕಟ್ಟೆಯ ಮೇಲೆ ಕೂತರು. ನಾನು ಒಳಗೆ ಹೋಗಿ ಕೂಸಿಗೆ ಎರೆದು, ಕಾಡಿಗೆ ಹಚ್ಚಿ, ಕೆಂಪು ಎಳೆಯ ಆ ಮೆತ್ತನೆಯ ನೀಲಿ ವಸ್ತ್ರದಲ್ಲಿ ಸುತ್ತಿದೆ. ಮುಖವಷ್ಟೇ ಹೊರಗೆ, ಥೇಟು ಬುತ್ತಿಯ ಗಂಟು. ತಂದು ಅವರ ತೊಡೆಯ ಮೇಲೆ ಇಟ್ಟೆ.

"ತಗೋರಿ ನಿಮ್ಮ ವಸ್ತ್ರ. ತುಂಬಿ ಕೊಟ್ಟೇನಿ."

ಅವರು ಅಂಚನ್ನು ನೋಡಿದರು. ಬೆರಳಿನಿಂದ ಕೆಂಪು ಎಳೆಯನ್ನು ಹುಡುಕಿದರು. ಕೂಸು ಆ ಬೆರಳನ್ನು ಹಿಡಿದುಕೊಂಡಿತು. ಅವರ ಬಾಯಿ ತೆರೆಯಿತು, ಮಾತು ಬರಲಿಲ್ಲ. ಮುಚ್ಚಿತು, ಮತ್ತೆ ತೆರೆಯಿತು. ಇಂಥ ದಿನಕ್ಕಾಗಿ ನಾನು ಏಳು ವರ್ಷ ಕಾದವಳು, ಬಿಡುತ್ತೇನೆಯೇ?

"ಅಯ್ಯ ಬೀಗರ, ನಿಮಗ ಮಾತು ಬರೂದಿಲ್ಲೇನ್ರಿ?"

ಮಹಾದೇವಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಈರಪ್ಪನವರು ಕಣ್ಣೊರೆಸಿಕೊಳ್ಳಲೂ ಇಲ್ಲ, ಕೈಗೆ ಬಿಡುವಿರಲಿಲ್ಲ. ಗಂಟನ್ನು ಎದೆಗೆ ಹತ್ತಿರ ಎಳೆದುಕೊಂಡು, ಬಹಳ ಹೊತ್ತು ಒಳಗೆ ನೋಡಿ ಹೇಳಿದರು:

"ಈ ಗಂಟಿನ್ಯಾಗ ಏನೂ ಕಮ್ಮಿ ಇಲ್ಲ ನೋಡ್ರಿ, ಬೀಗ್ತೇರ."